ಬೋರಲು ಹಾಕಿದ ಹರಿಗೋಲು

ಗುರುಗುಂಟಾದ ಬೇಸಿಗೆಯನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಿಲ್ಲ. ಲಿಂಗಸುಗೂರು ತಾಲ್ಲೂಕಿನ ಈ ಭಾಗದಲ್ಲಿ ಏಪ್ರಿಲ್ ಬಂತೆಂದರೆ ಉಷ್ಣಮಾಪಕ 40 ಡಿಗ್ರಿ ಸೆಲ್ಸಿಯಸ್ ದಾಟುವುದು ದಿನದ ಮಾತು. ಮನುಷ್ಯರು ತಲೆಗೆ ಟವೆಲ್ ಸುತ್ತಿಕೊಳ್ಳುತ್ತಾರೆ, ಎತ್ತುಗಳು ಬೇವಿನ ಮರದ ಕೆಳಗೆ ಮಲಗಿ ಮೆಲುಕು ಹಾಕುತ್ತವೆ. ಬಿಸಿಲು ತಾಗಿದರೂ ಎದ್ದು ನೆರಳಿಗೆ ಹೋಗಲಾರದ ಒಂದು ವಸ್ತು ಮಾತ್ರ ಇದ್ದಲ್ಲೇ ಇರುತ್ತದೆ. ಅದು ಮರ. ಪಡುವಣಕ್ಕೆ ಮುಖ ಮಾಡಿದ ಬಾಗಿಲು, ಅಂಗಳದಲ್ಲಿ ನಿಂತ ಚಕ್ಕಡಿ, ಊರಿನ ಉತ್ತರಕ್ಕೆ ಹರಿಯುವ ಕೃಷ್ಣೆಯ ದಡದಲ್ಲಿ ಬಿದ್ದಿರುವ ಹರಿಗೋಲು, ಇವೆಲ್ಲ ಬಿಸಿಲನ್ನು ಮೌನವಾಗಿ ತಿನ್ನುತ್ತವೆ. ಬಿಸಿಲೂ ಅವನ್ನು ಅಷ್ಟೇ ಮೌನವಾಗಿ ತಿನ್ನುತ್ತದೆ.

ಹೊಳೆಯ ದಡಕ್ಕೆ ಹೋದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಕೆಲಸ ಮುಗಿಸಿದ ಅಂಬಿಗ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕುತ್ತಾನೆ. ಮಳೆಗಾಲದಲ್ಲಿ ಹೀಗೆ ಮಾಡಿದರೆ ಒಳಗೆ ನೀರು ನಿಲ್ಲದಿರಲೆಂದು ಎನ್ನಬಹುದು. ಹನಿ ಮಳೆಯಿಲ್ಲದ ಬೇಸಿಗೆಯಲ್ಲಿ ಏಕೆ? ಶಾಲೆಗೆ ಹೋಗುವ ಮೊಮ್ಮಗನಿಗೆ ಈ ಪ್ರಶ್ನೆ ಸಹಜವಾಗಿ ಏಳುತ್ತದೆ.

‘ಯಜ್ಜಾ, ಮಳಿ ಇಲ್ಲ ಏನಿಲ್ಲ, ಯಾಕ ಬೋರಲು ಹಾಕ್ತಿ?’

‘ಹೊರಗಿನ ಮೈಗೆ ಡಾಂಬರ್ ಐತಿ. ಒಳಗಿನ ಮೈಗೆ ಏನೈತಪಾ? ಅದಕ್ಕ ನೆಳ್ಳು ಬೇಕು.’

ಅಜ್ಜನ ಉತ್ತರ ಎರಡೇ ಮಾತಿನದು. ಆದರೆ ಆ ಎರಡು ಮಾತಿನಲ್ಲಿ ಭೌತಶಾಸ್ತ್ರವೂ ಇದೆ, ರಸಾಯನಶಾಸ್ತ್ರವೂ ಇದೆ. ಅವನ್ನು ಬಿಡಿಸಿ ನೋಡುವುದು ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಉಪಯೋಗಕ್ಕೆ ಬಂದೀತು.

ಹರಿಗೋಲು ಈ ನಾಡಿಗೆ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನರು ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಹೊರಮೈಗೆ ಚರ್ಮ ಹೊದಿಸಿದ ಆ ಬುಟ್ಟಿಗಳಲ್ಲಿ ಹದಿನೈದು ಇಪ್ಪತ್ತು ಜನ ಕೂರುತ್ತಿದ್ದರಂತೆ. ರಾಯಚೂರು ಕೋಟೆಗಾಗಿ ಕೃಷ್ಣದೇವರಾಯ ಯುದ್ಧ ಮಾಡಿದ್ದೂ ಅದೇ 1520ರಲ್ಲಿ. ಐನೂರು ವರ್ಷಗಳಲ್ಲಿ ಬುಟ್ಟಿಯ ಆಕಾರ ಬದಲಾಗಿಲ್ಲ, ಹೊದಿಕೆ ಮಾತ್ರ ಬದಲಾಗಿದೆ. ಚರ್ಮದ ಜಾಗಕ್ಕೆ ಡಾಂಬರು ಬಳಿದ ಬಟ್ಟೆ ಬಂತು, ಆಮೇಲೆ ಪ್ಲಾಸ್ಟಿಕ್ ಹಾಳೆ ಬಂತು. ಈಗ ಫೈಬರಿನ ಹರಿಗೋಲುಗಳೂ ಬಂದಿವೆ.

ಈ ಬದಲಾವಣೆಗಳೆಲ್ಲ ಆದದ್ದು ಹೊರಮೈಯಲ್ಲಿ. ಕಾರಣ ಸ್ಪಷ್ಟ. ನೀರು ಹೊರಗಿನಿಂದ ಬರುತ್ತದೆ, ಅದರ ಭಯ ಎಲ್ಲರಿಗೂ ಇದೆ. ಆದರೆ ಒಳಗೆ ಹೆಣೆದ ಬಿದಿರಿನ ದಬ್ಬೆಗಳು, ಕೂರಲು ಹಾಕಿದ ಹಲಗೆ, ಕೈಯಲ್ಲಿ ಹಿಡಿಯುವ ಮರದ ಹುಟ್ಟು, ಇವು ಬರಿಮೈಯಲ್ಲೇ ಇರುತ್ತವೆ. ನೀರಿನ ಮೇಲಿರುವಷ್ಟು ಹೊತ್ತೂ ದೋಣಿಯ ಒಳಗು ಆಕಾಶಕ್ಕೆ ತೆರೆದುಕೊಂಡ ಬಾಯಿ. ನೀರಿಗೆ ಬಾಗಿಲು ಹಾಕಿದವರು ಬಿಸಿಲಿಗೆ ಬಾಗಿಲು ತೆರೆದಿಟ್ಟಂತೆ ಆಗುತ್ತದೆ.

ಬಿಸಿಲು ಮರಕ್ಕೆ ಏನು ಮಾಡುತ್ತದೆ? ಇದಕ್ಕೆ ಸಾಕ್ಷಿ ಓದುಗರ ಕೈಯಲ್ಲೇ ಇದೆ. ಈ ಪತ್ರಿಕೆಯ ಒಂದು ಹಾಳೆಯನ್ನು ನಾಲ್ಕು ದಿನ ಬಿಸಿಲಿನಲ್ಲಿಟ್ಟರೆ ಅದು ಹಳದಿಯಾಗುತ್ತದೆ. ಪಕ್ಕದಲ್ಲಿಟ್ಟ ಒಳ್ಳೆಯ ನೋಟ್‌ಬುಕ್ಕಿನ ಹಾಳೆ ಅಷ್ಟು ಬೇಗ ಹಳದಿಯಾಗುವುದಿಲ್ಲ. ವ್ಯತ್ಯಾಸಕ್ಕೆ ಕಾರಣ ಲಿಗ್ನಿನ್ ಎಂಬ ವಸ್ತು. ಪತ್ರಿಕೆಯ ಕಾಗದವನ್ನು ಹೆಚ್ಚಾಗಿ ಮರವನ್ನು ಅರೆದು ಮಾಡುವುದರಿಂದ ಅದರಲ್ಲಿ ಲಿಗ್ನಿನ್ ಉಳಿದಿರುತ್ತದೆ. ಬರೆಯುವ ಬಿಳಿ ಕಾಗದದಿಂದ ಅದನ್ನು ಬಹುಮಟ್ಟಿಗೆ ತೆಗೆದುಹಾಕಿರುತ್ತಾರೆ.

ಮರದ ರಚನೆಯನ್ನು ಸಿಮೆಂಟಿನ ಛಾವಣಿಗೆ ಹೋಲಿಸಬಹುದು. ಸೆಲ್ಯುಲೋಸಿನ ಎಳೆಗಳು ಒಳಗಿನ ಕಬ್ಬಿಣದ ಸರಳುಗಳಿದ್ದಂತೆ, ಅವುಗಳನ್ನು ಹಿಡಿದಿಡುವ ಲಿಗ್ನಿನ್ ಸಿಮೆಂಟು ಇದ್ದಂತೆ. ಮರದ ತೂಕದಲ್ಲಿ ಸುಮಾರು ಶೇಕಡ 20ರಿಂದ 30ರಷ್ಟು ಲಿಗ್ನಿನ್ ಇರುತ್ತದೆ. ಬಿದಿರಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳನ್ನು ಹೆಚ್ಚಾಗಿ ಹೀರಿಕೊಳ್ಳುವುದು ಈ ಲಿಗ್ನಿನ್ನೇ. ಭೂಮಿಗೆ ತಲಪುವ ಸೌರಶಕ್ತಿಯಲ್ಲಿ ಅತಿನೇರಳೆಯ ಪಾಲು ಶೇಕಡ ಐದರ ಆಸುಪಾಸು. ಅಳತೆಯಲ್ಲಿ ಕಡಿಮೆಯಾದರೂ ರಾಸಾಯನಿಕ ಬಂಧಗಳನ್ನು ಮುರಿಯುವಷ್ಟು ಬಲ ಅದಕ್ಕಿದೆ. ಮುರಿದ ಚೂರುಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಿನಲ್ಲಿ ಕರಗುವ ವಸ್ತುಗಳಾಗುತ್ತವೆ. ಮೊದಲು ಮರ ಹಳದಿ ಅಥವಾ ಕಂದಾಗುತ್ತದೆ. ಮಳೆ ಬಂದು ತೊಳೆದುಕೊಂಡು ಹೋದ ಮೇಲೆ ಉಳಿಯುವುದು ಸೆಲ್ಯುಲೋಸಿನ ಸಡಿಲ ಎಳೆಗಳು. ಹಳೆಯ ಬಾಗಿಲಿನ ಮೈ ಬೂದಿ ಬಣ್ಣಕ್ಕೆ ತಿರುಗಿ, ಕೈಯಾಡಿಸಿದರೆ ನಾರು ಎದ್ದು ಬರುವುದು ಇದೇ ಕಾರಣದಿಂದ.

ಇಲ್ಲೊಂದು ಸಮಾಧಾನವೂ ಇದೆ. ಅತಿನೇರಳೆ ಕಿರಣ ಮರದೊಳಕ್ಕೆ ಹೋಗುವುದು ಸುಮಾರು 75 ಮೈಕ್ರಾನು, ಅಂದರೆ ಹೆಚ್ಚುಕಡಿಮೆ ಒಂದು ಕಾಗದದ ದಪ್ಪ. ಕಣ್ಣಿಗೆ ಕಾಣುವ ಬೆಳಕು 200 ಮೈಕ್ರಾನಿನವರೆಗೆ ಇಳಿಯುತ್ತದೆ. ಹಾಗಿದ್ದರೆ ಇಷ್ಟಕ್ಕೆ ಹೆದರುವುದೇಕೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ದಪ್ಪ ತೊಲೆಗೆ ಹೆದರಬೇಕಿಲ್ಲ ನಿಜ. ಆದರೆ ಹರಿಗೋಲಿನ ದಬ್ಬೆ ತೊಲೆಯಲ್ಲ, ತೆಳುವಾದ ಸೀಳು. ಅಲ್ಲದೆ ಬಿಸಿಲು ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಬಂಧುಬಳಗವನ್ನೆಲ್ಲ ಕರೆದುಕೊಂಡು ಬರುತ್ತದೆ.

ದೋಣಿಯ ತಳಹಲಗೆಯನ್ನೇ ನೋಡಿ. ಅದರ ಕೆಳಮೈಗೆ ನೀರಿನ ತಂಪು, ಮೇಲ್ಮೈಗೆ ಬಿಸಿಲಿನ ಕಾವು. ಒದ್ದೆಯಾದ ಮೈ ಹಿಗ್ಗುತ್ತದೆ, ಒಣಗಿದ ಮೈ ಕುಗ್ಗುತ್ತದೆ. ಒಂದೇ ಹಲಗೆಯ ಎರಡು ಮೈಗಳು ಹೀಗೆ ಜಗಳವಾಡಿದರೆ ಹಲಗೆ ಬಾಗುತ್ತದೆ, ಕೊನೆಗೆ ಸೀಳುತ್ತದೆ. ಮರ ಎಲ್ಲ ದಿಕ್ಕಿಗೂ ಒಂದೇ ಸಮನೆ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ತೀರ ಅಲ್ಪ. ವರ್ಷದ ಬಳೆಗಳ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡರಷ್ಟು. ಆದ್ದರಿಂದಲೇ ಬಿರುಕು ಯಾವಾಗಲೂ ನಾರಿನ ಗುಂಟ ಬೀಳುತ್ತದೆ. ಬಿದ್ದ ಬಿರುಕಿನಲ್ಲಿ ಮೊದಲ ಮಳೆಯ ನೀರು ನಿಲ್ಲುತ್ತದೆ, ನೀರು ನಿಂತಲ್ಲಿ ಬೂಷ್ಟು ಬೆಳೆಯುತ್ತದೆ, ಬೂಷ್ಟು ಬಂದಲ್ಲಿ ಮರ ಕೊಳೆಯುತ್ತದೆ. ಬಿಸಿಲು ಬಾಗಿಲು ತೆರೆಯುತ್ತದೆ, ಒಳಗೆ ಬಂದು ಕೂರುವವರು ಬೇರೆಯವರು.

ಪ್ಲಾಸ್ಟಿಕ್ಕಿಗೆ ಬಿಸಿಲಿನ ಭಯವಿಲ್ಲ ಎಂಬ ನಂಬಿಕೆಯೊಂದಿದೆ. ಅದು ತಪ್ಪು. ಬಿಸಿಲಿನಲ್ಲಿ ಬಿಟ್ಟ ಪ್ಲಾಸ್ಟಿಕ್ ಹಗ್ಗವೋ ಹಾಳೆಯೋ ಕೆಲವು ತಿಂಗಳಲ್ಲಿ ಹಪ್ಪಳದಂತೆ ಮುರಿಯುವುದನ್ನು ಯಾವ ರೈತನೂ ಬಲ್ಲ. ಫೈಬರಿನ ದೋಣಿಯ ಮೈಯೂ ವರ್ಷಗಳು ಕಳೆದಂತೆ ಹೊಳಪು ಕಳೆದುಕೊಂಡು ಸುಣ್ಣದಂಥ ಪುಡಿ ಬಿಡುತ್ತದೆ. ವಸ್ತು ಬದಲಾದರೂ ವೈರಿ ಬದಲಾಗುವುದಿಲ್ಲ.

ಹಾಗಾದರೆ ಉಪಾಯವೇನು? ಮೊದಲನೆಯದು ನೆರಳು. ಬೆಳಕು ಬೀಳದಲ್ಲಿ ಬೆಳಕಿನ ರಸಾಯನ ನಡೆಯದು. ಹರಿಗೋಲನ್ನು ಬೋರಲು ಹಾಕಿದರೆ ಒಳಗು ನೆರಳಿನಲ್ಲಿರುತ್ತದೆ. ಹೊರಗಿನ ಕಪ್ಪು ಡಾಂಬರು ಬೆಳಕನ್ನು ತಾನೇ ತಡೆದು ಬಿದಿರನ್ನು ಕಾಯುತ್ತದೆ. ಆದರೆ ಡಾಂಬರೂ ಬಿಸಿಲಿಗೆ ಒಣಗಿ ಸೀಳುವುದರಿಂದ ಬಯಲಿಗಿಂತ ಮರದ ಕೆಳಗೆ ಬೋರಲು ಹಾಕುವುದು ಉತ್ತಮ. ನೆಲಕ್ಕೆ ತಾಗಿಸದೆ ಮೂರು ನಾಲ್ಕು ಕಲ್ಲುಗಳ ಮೇಲೆ ಇಟ್ಟರೆ ಗಾಳಿಯಾಡುತ್ತದೆ, ಗೆದ್ದಲು ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ. ಕರಾವಳಿಯಲ್ಲಿ ದಡಕ್ಕೆಳೆದ ದೋಣಿಗೆ ತೆಂಗಿನ ಮಡಲಿನ ಚಪ್ಪರ ಹಾಕುವುದು, ಊರೂರುಗಳಲ್ಲಿ ಜಾತ್ರೆ ಮುಗಿದ ಮೇಲೆ ತೇರಿಗೆ ತಗಡು ಹೊದಿಸುವುದು, ಇವೂ ಇದೇ ಬುದ್ಧಿಯ ಬೇರೆ ರೂಪಗಳು. ವರ್ಷಕ್ಕೊಂದು ದಿನ ಎಳೆಯುವ ತೇರಿಗೆ ಉಳಿದ ದಿನಗಳ ನೆರಳೇ ಆಯುಷ್ಯ.

ಎರಡನೆಯದು ಬಣ್ಣ. ಬೆಳಕನ್ನು ತಡೆಯುವುದು ಬಣ್ಣದಲ್ಲಿರುವ ಪುಡಿಯೇ ಹೊರತು ಹೊಳಪಲ್ಲ. ಕಾವಿ ಎಂದು ಎಲ್ಲರೂ ಬಲ್ಲ ಕೆಂಪು ಮಣ್ಣಿನಲ್ಲಿರುವುದು ಕಬ್ಬಿಣದ ಆಕ್ಸೈಡು. ಅದು ಅತಿನೇರಳೆ ಕಿರಣವನ್ನು ಚೆನ್ನಾಗಿ ಹೀರುತ್ತದೆ. ಕೆಂಪು ಆಕ್ಸೈಡ್ ಬಣ್ಣವಾಗಲಿ, ಅಗಸೆ ಎಣ್ಣೆಯಲ್ಲಿ ಕಲಸಿದ ನುಣುಪಾದ ಕಾವಿಯಾಗಲಿ ಬಡವನಿಗೂ ಎಟಕುವ ರಕ್ಷಣೆ. ಹಚ್ಚುವ ಮುನ್ನ ಬೂದಿಬಣ್ಣದ ಸಡಿಲ ನಾರನ್ನು ಉಜ್ಜುಕಾಗದದಿಂದ ತಿಕ್ಕಿ ತೆಗೆಯಲೇಬೇಕು. ಸತ್ತ ಪದರದ ಮೇಲೆ ಹಚ್ಚಿದ ಬಣ್ಣ ಆ ಪದರದ ಜೊತೆಗೇ ಉದುರಿಹೋಗುತ್ತದೆ.

ಮೂರನೆಯದು ಎಣ್ಣೆ. ಎಲ್ಲ ಎಣ್ಣೆಯೂ ಮರಕ್ಕಾಗದು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪದರವಾಗುತ್ತದೆ. ಕುಸುಬೆ ಎಣ್ಣೆಯೂ ನಿಧಾನವಾಗಿ ಒಣಗುತ್ತದೆ. ಶೇಂಗಾ ಎಣ್ಣೆ ಒಣಗದೆ ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ. ಎಣ್ಣೆ ನೀರನ್ನು ಸ್ವಲ್ಪಮಟ್ಟಿಗೆ ದೂರವಿಡುತ್ತದೆಯೇ ಹೊರತು ಒಂದೇ ಬಿಸಿಲನ್ನು ತಡೆಯಲಾರದು, ಕಾವಿಯ ಜೊತೆ ಬೇಕು. ಇಲ್ಲಿ ಮನೆಮಂದಿಗೆಲ್ಲ ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸೇರಿ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ನೀರಿನಲ್ಲಿ ಅದ್ದಿಡಬೇಕು, ಇಲ್ಲವೇ ಬಯಲಿನಲ್ಲಿ ಬಿಡಿಸಿ ಒಣಗಿಸಬೇಕು.

ಕೊನೆಯದು ವಾರ್ನಿಷ್. ಜನ ಮೊದಲು ಕೇಳುವುದೇ ಇದನ್ನು, ಏಕೆಂದರೆ ಅದು ಹೊಳೆಯುತ್ತದೆ. ಆದರೆ ಸಾದಾ ಪಾರದರ್ಶಕ ವಾರ್ನಿಷ್ ಕಿಟಕಿಯ ಗಾಜಿದ್ದಂತೆ. ಕಣ್ಣಿಗೆ ಮರ ಕಾಣುತ್ತದೆಂದರೆ ಮರಕ್ಕೂ ಸೂರ್ಯ ಕಾಣುತ್ತಾನೆಂದೇ ಅರ್ಥ. ಬೆಳಕು ಅದನ್ನು ದಾಟಿಹೋಗಿ ಕೆಳಗಿನ ಲಿಗ್ನಿನ್ನನ್ನು ಮುರಿಯುತ್ತದೆ, ಹಿಡಿತ ತಪ್ಪಿದ ವಾರ್ನಿಷ್ ಒಂದೆರಡು ವರ್ಷದಲ್ಲಿ ಹಾವಿನ ಪೊರೆಯಂತೆ ಏಳುತ್ತದೆ. ಅತಿನೇರಳೆಯನ್ನು ಹೀರುವ ವಸ್ತು ಬೆರೆಸಿದ ವಾರ್ನಿಷ್‌ಗಳು ಈಗ ಸಿಗುತ್ತವೆ, ಅವು ಹೆಚ್ಚು ಬಾಳುತ್ತವೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾಗಿ, ಈಗ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೆಂದು ಹೆಸರಾಗಿರುವ ಬೆಂಗಳೂರಿನ ಮಲ್ಲೇಶ್ವರದ ಸಂಸ್ಥೆಯಲ್ಲಿ, ಬೆಳಕಿನಿಂದ ಮರವನ್ನು ಕಾಯುವ ಬಗೆಗಳ ಮೇಲೆ ಸಂಶೋಧನೆ ನಡೆದಿದೆ.

ಇದನ್ನೆಲ್ಲ ನಂಬುವ ಮೊದಲು ಪರೀಕ್ಷಿಸಿ ನೋಡುವುದೇ ವಿಜ್ಞಾನ. ಬಡಿಗೇರರ ಅಂಗಳದಲ್ಲಿ ಹೊಸದಾಗಿ ಕೀಸುಳಿ ಹಾಕಿದ ನಾಲ್ಕು ಮರದ ತುಂಡುಗಳು ಕೇಳಿದರೆ ಸಿಗುತ್ತವೆ. ಒಂದನ್ನು ಹಾಗೇ ಬಿಡಬೇಕು. ಉಳಿದವಕ್ಕೆ ಅಗಸೆ ಎಣ್ಣೆ, ಎಣ್ಣೆಯಲ್ಲಿ ಕಲಸಿದ ಕಾವಿ, ವಾರ್ನಿಷ್, ಹೀಗೆ ಒಂದೊಂದನ್ನು ಹಚ್ಚಬೇಕು. ಪ್ರತಿ ತುಂಡಿನ ಅರ್ಧಭಾಗಕ್ಕೆ ತಗಡು ಕಟ್ಟಿ, ಎಲ್ಲವನ್ನೂ ಮಾಳಿಗೆಯ ಮೇಲೆ ಒಂದೇ ಕಡೆ ಇಡಬೇಕು. ಪರೀಕ್ಷೆ ಮುಗಿದ ದಿನ ಇಟ್ಟರೆ ಶಾಲೆ ತೆರೆಯುವ ಹೊತ್ತಿಗೆ ಉತ್ತರ ಸಿದ್ಧವಾಗಿರುತ್ತದೆ. ತಗಡು ಬಿಚ್ಚಿದಾಗ ನೆರಳಿನ ಅರ್ಧ ಮತ್ತು ಬಿಸಿಲಿನ ಅರ್ಧದ ನಡುವೆ ಕಾಣುವ ಗೆರೆಯನ್ನು ನೋಡಿದ ಮಗು ಲಿಗ್ನಿನ್ ಎಂಬ ಹೆಸರನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಇದು ಬರಿಯ ಮರದ ಅಂದಚೆಂದದ ಮಾತಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಹರಿದಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿತು. ಹೊಳೆಯ ನಡುವಿನ ಗಡ್ಡಿಗಳ ಜನಕ್ಕೆ ದಡದ ಸಂಪರ್ಕ ತಪ್ಪಿತು. ಸೇತುವೆ ಇರುವಷ್ಟು ದಿನ ಹರಿಗೋಲನ್ನು ಮೀನು ಹಿಡಿಯುವವರ ಹೊರತು ಯಾರೂ ನೆನೆಯುವುದಿಲ್ಲ. ಸೇತುವೆ ಮುಳುಗಿದ ದಿನ ಎಲ್ಲರ ಕಣ್ಣೂ ಅದರ ಮೇಲೆಯೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಾಯಿ ತೆರೆದು ಬಿಸಿಲಿಗೆ ಬಿದ್ದಿದ್ದ ಬುಟ್ಟಿಯನ್ನು, ಅದರ ಬಾಳಿನ ಅತಿ ಕಠಿಣ ಪರೀಕ್ಷೆಗೆ ಕೂರಿಸುವುದು ಆಗಸ್ಟ್‌ನ ಸೆಳವಿನಲ್ಲಿ. ಬೇಸಿಗೆಯಲ್ಲಿ ಬಿದ್ದ ಬಿರುಕು ತನ್ನ ಲೆಕ್ಕ ಕೇಳುವುದು ಮಳೆಗಾಲದ ನಡುಹೊಳೆಯಲ್ಲಿ.

ಸೆಳವಿರುವಾಗ ಹರಿಗೋಲು ಹತ್ತದಿರುವುದೇ ಸರಿ. ಹತ್ತಲೇಬೇಕಾದ ಉಳಿದ ದಿನಗಳಲ್ಲಿ ತಂದೆತಾಯಿಗಳು ಹೊರಮೈಯ ಡಾಂಬರನ್ನಷ್ಟೇ ನೋಡಿ ಮಗುವನ್ನು ಹತ್ತಿಸದಿರಲಿ. ಒಳಗಿನ ದಬ್ಬೆಯನ್ನು ಉಗುರಿನಿಂದ ಒತ್ತಿ ನೋಡಲಿ. ಉಗುರು ಇಳಿದರೆ, ನಾರು ಎದ್ದು ಬಂದರೆ, ಕಟ್ಟು ಸಡಿಲವಾಗಿದ್ದರೆ ಆ ಹರಿಗೋಲು ರಿಪೇರಿಗೆ ಹೋಗಬೇಕೇ ಹೊರತು ನೀರಿಗಲ್ಲ. ಮೈಗೆ ತೇಲುವ ಅಂಗಿಯಂತೂ ಇರಲೇಬೇಕು. ಇನ್ನು ಬೇಸಿಗೆಯಲ್ಲಿ ದಡದ ಮೇಲೆ ಯಾರದೋ ಹರಿಗೋಲು ಅಂಗಾತ ಬಿದ್ದಿರುವುದು ಕಂಡರೆ, ಅದರ ಒಡೆಯನಿಗೆ ಒಂದು ಮಾತು ತಿಳಿಸಿ, ನಾಲ್ಕು ಹುಡುಗರು ಕೈಜೋಡಿಸಿ ಬೋರಲು ಹಾಕಿಕೊಡಬಹುದು. ಖರ್ಚಿಲ್ಲದ ಕೆಲಸ, ಎರಡು ನಿಮಿಷ ಸಾಕು.