ಸೊನ್ನೆಗೆ ಬಿದ್ದ ಬೀಗ

ಒಂದು ರೂಪಾಯಿ ನಾಣ್ಯಗಳನ್ನು ಡಬ್ಬಿಯಲ್ಲಿ ಕೂಡಿಡುತ್ತಿದ್ದ ದಿನಗಳು ನಿಮಗೆ ನೆನಪಿವೆಯೇ? ಉಳಿತಾಯಕ್ಕಲ್ಲ, ಫೋನ್ ಮಾಡುವುದಕ್ಕಾಗಿ.

ನನ್ನ ತವರು ಕೂಡ್ಲಿಗಿ. ಆಗ ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ದೂರದ ಊರಿಗೆ ಮಾತನಾಡಲು ಎಸ್.ಟಿ.ಡಿ. ಬೂತ್‌ಗೆ ಹೋಗಬೇಕಿತ್ತು. ನಮ್ಮ ಓಣಿಯ ಕಿರಾಣಿ ಅಂಗಡಿಯ ಮುಂದೆ ನಾಣ್ಯ ಹಾಕುವ ಫೋನ್ ಇತ್ತು. ಆದರೆ ಅದರಲ್ಲಿ ಊರೊಳಗಿನ ಕರೆ ಮಾತ್ರ. ಸೊನ್ನೆ ಒತ್ತಿದರೆ ಲೈನ್ ಕಡಿದು ಹೋಗುತ್ತಿತ್ತು.

ಇದಕ್ಕೆ ಕಾರಣವಿತ್ತು. ಯಾರೋ ಮಾಡಿದ ದೂರದ ಕರೆಯ ಬಿಲ್ಲು ಫೋನಿನ ಮಾಲೀಕನ ತಲೆಗೆ ಬರುತ್ತಿತ್ತು. ಹೀಗಾಗಿ ವಿದೇಶದ ಕರೆಯ ಸೌಲಭ್ಯವನ್ನು ಕೇಳಿದವರಿಗೆ ಮಾತ್ರ ಕೊಡುತ್ತಿದ್ದರು. ಮನೆ, ಅಂಗಡಿಯ ಫೋನುಗಳಿಗೆ ಗುಪ್ತ ಸಂಖ್ಯೆಯಿಂದ ಎಸ್.ಟಿ.ಡಿ. ಬೀಗ ಹಾಕಿಕೊಳ್ಳಬಹುದಿತ್ತು.

2004ರ ಮಳೆಗಾಲದ ಒಂದು ರಾತ್ರಿ ಅಮ್ಮಿ ಎದೆ ಹಿಡಿದುಕೊಂಡು ಕುಸಿದರು. ಅಬ್ಬಾ ಅವರ ಪಕ್ಕ ಕುಳಿತರು. ಬೆಂಗಳೂರಿನಲ್ಲಿದ್ದ ಅಣ್ಣನಿಗೆ ತಿಳಿಸಲು ನಾನು ಓಡಿದೆ. ಬೂತ್ ಮುಚ್ಚಿತ್ತು. ನಾಣ್ಯದ ಫೋನಿನಲ್ಲಿ ಸೊನ್ನೆ ಒತ್ತಿದೆ, ಕಡಿಯಿತು. ಮತ್ತೆ ಒತ್ತಿದೆ, ಮತ್ತೆ ಕಡಿಯಿತು. ಅಳು ಬಂತು.

ಅಂಗಡಿಯ ಅಜ್ಜ ಬಾಗಿಲು ತೆರೆದರು. "ಯಾಕವ್ವ, ಯಾರಿಗೆ ಹಚ್ಚಬೇಕಿತ್ತು?"

"ಅಣ್ಣಗೆ ಅಜ್ಜ, ಬೆಂಗಳೂರಿಗೆ. ಅಮ್ಮಿಗೆ ಆರಾಮಿಲ್ಲ."

"ಅದರಾಗೆ ಹೋಗಂಗಿಲ್ಲ. ಒಳಗೆ ಬಾ."

ಒಳಗಿದ್ದ ತಮ್ಮ ಫೋನಿನ ಬೀಗ ತೆಗೆದು ಅವರೇ ಕರೆ ಹಚ್ಚಿ ಕೊಟ್ಟರು. ಅಣ್ಣ ರಾತ್ರಿ ಬಸ್ಸಿಗೆ ಹೊರಟು ಬೆಳಗಾಗುವಷ್ಟರಲ್ಲಿ ಬಂದ. ಅಮ್ಮಿ ಆಮೇಲೆ ಹನ್ನೊಂದು ವರ್ಷ ನಮ್ಮೊಂದಿಗಿದ್ದರು.

ಆ ಬೀಗ ತಪ್ಪಲ್ಲ. ಆದರೆ ಬೀಗಕ್ಕೆ ವಂಚಕ ಯಾರು, ಸಂಕಟದಲ್ಲಿರುವವರು ಯಾರು ಎಂದು ತಿಳಿಯುವುದಿಲ್ಲ. "ಯಾಕವ್ವ?" ಎಂದು ಕೇಳಲು ಮನುಷ್ಯನೇ ಬೇಕು.

ಈ ಮಾತು ನನಗೆ ಚೆನ್ನಾಗಿ ಅರ್ಥವಾದದ್ದು ಇಪ್ಪತ್ತು ವರ್ಷಗಳ ನಂತರ. 2024ರ ಆರಂಭದಲ್ಲಿ ಕೊಟ್ಟೂರಿನಲ್ಲಿರುವ ನನ್ನ ಖಾಲಾಗೆ ಒಂದು ಕರೆ ಬಂತು. "ನಿಮ್ಮ ಸಿಮ್ ಎರಡು ಗಂಟೆಯಲ್ಲಿ ಬಂದ್ ಆಗುತ್ತದೆ. *401* ಒತ್ತಿ ನಾವು ಹೇಳುವ ನಂಬರು ಹಾಕಿ." ಖಾಲಾ ಹಾಗೆಯೇ ಮಾಡಿದರು. ಅದು ತನಗೆ ಬರುವ ಕರೆಗಳನ್ನೆಲ್ಲ ಬೇರೆ ನಂಬರಿಗೆ ತಿರುಗಿಸುವ ಸಂಕೇತ ಎಂದು ಅವರಿಗೇನು ಗೊತ್ತು? ಕರೆಯ ಮೂಲಕ ಬಂದ ಒ.ಟಿ.ಪಿ. ವಂಚಕನ ಕಿವಿಗೆ ಬಿತ್ತು. ಖಾಲಾರ ವಾಟ್ಸಾಪ್ ಅವನ ಕೈ ಸೇರಿತು. ಅದರಿಂದ ಬಂಧುಗಳಿಗೆಲ್ಲ ಸಂದೇಶ ಹೋಯಿತು: "ಆಸ್ಪತ್ರೆಯಲ್ಲಿದ್ದೇನೆ, ಹಣ ಕಳುಹಿಸಿ."

ಅಂದು ಬಸ್ಸು ಹತ್ತಿ ಓಡಿ ಬಂದಿದ್ದ ನನ್ನ ಅಣ್ಣನೇ ಇಪ್ಪತ್ತು ಸಾವಿರ ಕಳುಹಿಸಿದ. ವಿಚಾರಿಸಲು ಖಾಲಾಗೆ ಕರೆ ಮಾಡಿದ್ದರೂ ಅದು ವಂಚಕನಿಗೇ ಹೋಗುತ್ತಿತ್ತು!

ಖಾಲಾಗೆ ಅಂದೇ ಸಂಶಯ ಬಂದಿತ್ತು. ಆದರೆ ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಕೇಳಿದಾಗ ತಲೆ ತಗ್ಗಿಸಿ ಅಂದರು: "ನೀವೆಲ್ಲ ನಗ್ತೀರಿ ಅಂತ ಹೆದರಿಕೆಯಾಯ್ತು ಬೇಟಾ."

ದೂರಸಂಪರ್ಕ ಇಲಾಖೆಯ ಆದೇಶದಂತೆ 2024ರ ಏಪ್ರಿಲ್ 15ರಿಂದ ಕಂಪೆನಿಗಳು ಹೀಗೆ ಸಂಕೇತ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನು ನಿಲ್ಲಿಸಿದವು. ಒಳ್ಳೆಯದೇ ಆಯಿತು. ಆದರೆ ಖಾಲಾರ ಪಾಲಿಗೆ ಬೀಗ ತಡವಾಗಿ ಬಿತ್ತು. ಒಂದು ದಾರಿ ಮುಚ್ಚಿದರೆ ವಂಚಕರು ಇನ್ನೊಂದನ್ನು ಹುಡುಕುತ್ತಾರೆ.

ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿದರೆ ಅದನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಅವಕಾಶವಿರುತ್ತದೆ. ತಡವಾದಷ್ಟೂ ಆ ಅವಕಾಶ ಕಡಿಮೆ. ನಮ್ಮನ್ನು ಮುಳುಗಿಸಿದ್ದು ಆ ಒಂದು ಕರೆಯಷ್ಟೇ ಅಲ್ಲ, ನಾಲ್ಕು ದಿನಗಳ ಮೌನ ಕೂಡ.

ಆದ್ದರಿಂದ ಓದುಗರೇ, ಇಂದೇ ನಿಮ್ಮ ಮನೆಯ ಹಿರಿಯರ ಬಳಿ ಐದು ನಿಮಿಷ ಕುಳಿತುಕೊಳ್ಳಿ. "ಯಾರಾದರೂ ಫೋನಿನಲ್ಲಿ ಏನಾದರೂ ಒತ್ತಿ ಅಂದರೆ ಮೊದಲು ನಮ್ಮನ್ನು ಕೇಳಿ. ಒತ್ತಿಬಿಟ್ಟಿದ್ದರೂ ಹೇಳಿ, ನಾವು ನಗುವುದಿಲ್ಲ" ಎನ್ನಿರಿ. ಆಮೇಲೆ ನಿಜವಾಗಿಯೂ ನಗಬೇಡಿ.

ಆ ರಾತ್ರಿ ಅಜ್ಜ ನನ್ನನ್ನು ನೋಡಿ ನಗಲಿಲ್ಲ. ಬಾಗಿಲು ತೆರೆದು "ಯಾಕವ್ವ?" ಎಂದು ಕೇಳಿದರು.