ಕ್ಲೀನರ್ ಸೀಟಿನ ಸರ್ವಿಸ್

ಬೆಳಗಾವಿಯ ನಮ್ಮ ವಡಗಾವಿಯಲ್ಲಿ ಪವರ್‌ಲೂಮಿನ ಖಟಖಟದ ನಡುವೆ ಮಾತಾಡಬೇಕಾದರೆ ದನಿ ಏರಿಸಬೇಕು. ಹಿಂಗಾಗಿ ಓಣಿಯಲ್ಲಿ ಯಾರ ಮನೆ ಗುಟ್ಟೂ ಉಳಿಯುವುದಿಲ್ಲ. ಯಾವ ಹುಡುಗ ಮಗ್ಗ ಬಿಟ್ಟು ಲಾರಿ ಹತ್ತಲು ಹೊಂಟಿದ್ದಾನೆ ಎಂಬುದು ಅವನ ಅಪ್ಪನಿಗಿಂತ ಮೊದಲು ಚಾದಂಗಡಿಗೆ ಗೊತ್ತಿರುತ್ತದೆ.

ಹತ್ತುವುದೇನೋ ಹತ್ತಬಹುದು, ಸ್ಟೇರಿಂಗ್ ಹಿಡಿಯಲು 20 ತುಂಬಬೇಕು, 1988ರ ಮೋಟಾರು ವಾಹನ ಕಾಯ್ದೆಯ ಮಾತು. 18ಕ್ಕೆ ಮತ ಹಾಕಿ ಸರಕಾರ ಬದಲಿಸಬಹುದು, 20ಕ್ಕೆ ಲಾರಿ, ಗಂಡಿಗೆ ಮದುವೆ 21ಕ್ಕೆ. ದೇಶಕ್ಕಿಂತ ಲಾರಿ ಕಠಿಣ, ಲಾರಿಗಿಂತ ಸಂಸಾರ ಕಠಿಣ ಎಂದು ಸರಕಾರವೇ ಬರೆದುಕೊಟ್ಟಂತಾಯಿತು. ಮೂರನೆಯದರ ಬಗ್ಗೆ ನನ್ನ ತಕರಾರಿಲ್ಲ.

ಬರೀ 20 ತುಂಬಿದರೂ ಸಾಲದು. ಕಾರಿನ ಲೈಸೆನ್ಸ್ ಪಡೆದು ಒಂದು ವರ್ಷ ಕಳೆದಿರಬೇಕು, ಆಮೇಲೆ ಹೆವಿ ಗಾಡಿಗೆ ಎಲ್ಲೆಲ್ಲಾರ್, ಅಂದರೆ ಕಲಿಯುವವರ ಲೈಸೆನ್ಸ್. ಮೊದಲು ಎಂಟನೇ ಇಯತ್ತೆ ಪಾಸಾಗಿರಬೇಕೆಂದಿತ್ತು. 2019ರಲ್ಲಿ ಅದನ್ನು ಕೈಬಿಟ್ಟರು. ಒಳ್ಳೇದೇ ಆಯಿತು. ಅನಮೋಡ ಘಾಟಿನ ತಿರುವಿನಲ್ಲಿ ಬೀಜಗಣಿತ ಯಾರಿಗೆ ಬೇಕು?

ಆದರೆ ಆ ಒಂದು ವರ್ಷದ ಲೆಕ್ಕ ನನಗೆ ಹಿಡಿಸುವುದಿಲ್ಲ. ಕಾರಿನ ಲೈಸೆನ್ಸನ್ನು ಟ್ರಂಕಿನಲ್ಲಿಟ್ಟು ವರ್ಷವಿಡೀ ಮಲಗಿದವನೂ ಅರ್ಹ. ಐದು ವರ್ಷ ಕ್ಲೀನರ್ ಸೀಟಿನಲ್ಲಿ ಕೂತು ಬೆಳಗಾವಿಯ ಕಾಯಿಪಲ್ಲೆಯನ್ನು ಗೋವೆಗೆ ಇಳಿಸಿ ಬಂದವನ ಸರ್ವಿಸ್ ಯಾವ ಫಾರ್ಮಿನಲ್ಲೂ ಇಲ್ಲ. ಅವನಿಗೆ ಗೊತ್ತಿರುವುದಾದರೂ ಎಷ್ಟು! ಯಾವ ಗೇರಿನಲ್ಲಿ ಘಾಟು ಏರುತ್ತೀಯೋ ಅದೇ ಗೇರಿನಲ್ಲಿ ಇಳಿಯಬೇಕು. ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಡ್ರಮ್ ಕಾದು, ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿದರೆ ದೇವರೇ ಗತಿ. ಟೈರಿಗೆ ರಾಡಿನಿಂದ ಬಡಿದು, ಸಪ್ಪಳ ಕೇಳಿ, ಒಳಗಿನ ಟೈರಿನಲ್ಲಿ ಗಾಳಿ ಇಳಿದಿದೆಯೋ ಇಲ್ಲವೋ ಹೇಳುತ್ತಾನೆ, ಮದ್ದಳೆ ಶ್ರುತಿ ನೋಡುವವನಂತೆ. ಈ ವಿದ್ಯೆಗೂ ಒಂದಿಷ್ಟು ಮಾರ್ಕು ಕೊಟ್ಟರೆ ಆರ್‌ಟಿಓ ಆಫೀಸಿನ ಗಂಟೇನು ಹೋಗುತ್ತದೆ?

ಓಣಿಯ ಹುಡುಗನೊಬ್ಬ ಈ ಒಂದು ವರ್ಷ ಕಾಯುವ ನಿಯಮಕ್ಕೆ ಅಡ್ಡದಾರಿ ಹುಡುಕಿದ್ದ. "ಕಾಕಾ, ಏಳೂವರೆ ಟನ್ನಿನೊಳಗಿನ ಗಾಡಿಗೆ ಕಾರಿನ ಲೈಸೆನ್ಸ್ ನಡೀತೈತಿ ಅಂತ ಸುಪ್ರೀಂ ಕೋರ್ಟ್ ಹೇಳೇತಲ್ರೀ, ಛೋಟಾ ಹಾಥಿ ಹೊಡೀತೀನಿ."

ಹುಡುಗ ಶಾಣ್ಯಾ. 2017ರಲ್ಲಿ ಹೇಳಿದ್ದನ್ನೇ 2024ರ ನವೆಂಬರ್ 6ರಂದು ಸಂವಿಧಾನ ಪೀಠ ಮತ್ತೆ ಎತ್ತಿಹಿಡಿಯಿತು.

"ತಮ್ಮಾ, ಬಾಡಿಗಿ ಗಾಡಿ ಅಂದ್ರ ಇಪ್ಪತ್ತ ತುಂಬಬೇಕಂತ ಕಾಯ್ದೆದಾಗ ಐತೋ" ಅಂದೆ. ಅವನಿಗಿನ್ನೂ ಹತ್ತೊಂಬತ್ತು.

ಅಮೆರಿಕದಲ್ಲಿ ಇನ್ನೊಂದು ನಮೂನೆ. ಹೆಚ್ಚಿನ ಕಡೆ 18ಕ್ಕೇ ಟ್ರಕ್ ಕೊಡುತ್ತಾರೆ, ಆದರೆ ರಾಜ್ಯದ ಗಡಿ ದಾಟಿ ಸರಕು ಒಯ್ಯಲು 21 ಆಗಿರಬೇಕು. ಆ ನಿಯಮ ಇಲ್ಲಿಗೆ ಬಂದರೆ ಖಾನಾಪುರದ ಇಪ್ಪತ್ತರ ಹುಡುಗ ಗೋವಾ ಗಡಿಯಲ್ಲೇ ಗಾಡಿ ನಿಲ್ಲಿಸಬೇಕು. ವೆಂಗುರ್ಲಾ ರಸ್ತೆ ಹಿಡಿದರೋ, ಶಿನೋಳಿಗೇ ಮಹಾರಾಷ್ಟ್ರ! ಬೆಳಗಾವಿಗೆ ಈಗಿರುವ ಗಡಿ ತಂಟೆಯೇ ಸಾಕು ಮಾರಾಯರೆ.

ಇನ್ನು ನಮ್ಮಲ್ಲಿ 18 ತುಂಬದವನು ಗಾಡಿ ಓಡಿಸಿ ಸಿಕ್ಕರೆ, 2019ರ ತಿದ್ದುಪಡಿಯಂತೆ, ಅಪ್ಪನಿಗೆ ಅಥವಾ ಗಾಡಿ ಮಾಲೀಕನಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ಆಗುವವರೆಗೆ ಲೈಸೆನ್ಸಿಲ್ಲ. ಲೋಕಸಭೆಗೆ ನಿಲ್ಲುವ ವಯಸ್ಸೂ ಅದೇ. ಅಲ್ಲಿ ಮೆಡಿಕಲ್ ಸರ್ಟಿಫಿಕೇಟ್ ಬೇಡ, ಎಲ್ಲೆಲ್ಲಾರ್ ಕೂಡ ಬೇಡ.