ಕಿವಿಗಾದ ಗಾಯವೂ ಗಾಯವೇ

ಫಿರಂಗಿ ಪಕ್ಕ ವರ್ಷಗಟ್ಟಲೆ ನಿಂತವರ ಕಿವಿ ನಿವೃತ್ತಿಯಾದ ಮೇಲೂ ಸುಮ್ಮನಾಗುವುದಿಲ್ಲ. ಊರೆಲ್ಲ ಮಲಗಿದ ಹೊತ್ತಲ್ಲಿ ಒಳಗಿನ ಗುಂಯ್ ಸದ್ದು ಇನ್ನೂ ಜೋರಾಗುತ್ತದೆ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಕಂಡ ಮಾಜಿ ಸೈನಿಕರೊಬ್ಬರಿಗೆ ಕಂಡಕ್ಟರ್ "ಹನೂರು, ಹನೂರು" ಅಂತ ಕೂಗಿದ್ದು ಕೇಳಿಸಲಿಲ್ಲ. ನನ್ನ ತುಟಿ ನೋಡಿ ಅರ್ಥ ಮಾಡ್ಕೊಂಡ್ರು. "ವಯಸ್ಸಾಯ್ತಲ್ಲ, ಬುಡಿ" ಅಂದ್ರು.

ವಯಸ್ಸೊಂದೇ ಕಾರಣವಲ್ಲ. ರೈಫಲ್ಲಿನ ಗುಂಡಿನ ಸದ್ದು 140 ಡೆಸಿಬಲ್ ದಾಟುತ್ತದೆ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಮೆರಿಕದಲ್ಲಿ ಮಾಜಿ ಸೈನಿಕರು ಪರಿಹಾರ ಪಡೆಯುವ ತೊಂದರೆಗಳಲ್ಲಿ ಈ ಕಿವಿಮೊರೆತಕ್ಕೇ ಮೊದಲ ಸ್ಥಾನ. ನಮ್ಮವರಿಗೆ ಪರಿಹಾರ ಕೇಳೋಕೇ ಸಂಕೋಚ.

2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಸೇನೆಗೆ ಸೇರುವಾಗ ದಾಖಲಾಗದ ಕಾಯಿಲೆಯ ಕಾರಣಕ್ಕೆ ಸೈನಿಕ ಸೇವೆ ಬಿಡಬೇಕಾಗಿ ಬಂದರೆ, ಅದು ಸೇವೆಯಿಂದಲೇ ಬಂತೆಂದು ಭಾವಿಸಬೇಕು, ಅಲ್ಲವೆಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದು.

ಹಾಗಾಗಿ ಸೇರಿದಾಗಿನ ದಾಖಲೆ, ಬಿಡುಗಡೆಯ ಮೆಡಿಕಲ್ ಬೋರ್ಡ್ ಕಾಗದ ಎರಡನ್ನೂ ಜೋಪಾನ ಮಾಡಿ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿ. ಸದ್ದಿನಿಂದಾದ ಹಾನಿ ಆ ಪರೀಕ್ಷೆಯ ನಕ್ಷೆಯಲ್ಲಿ ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನಲ್ಲಿ ತಗ್ಗಾಗಿ ಕಾಣುತ್ತದೆ. ಪರಿಹಾರದ ಅರ್ಜಿ ಹಾಕುವ ಬಗ್ಗೆ ಸೈನಿಕ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿ ಇದೆ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಇದೆ.

ಯಳಂದೂರಿರಲಿ, ಹನೂರಿರಲಿ, ನಿಮ್ಮ ಬೀದೀಲಿ ಇಂಥವರಿದ್ದರೆ ಜೊತೆಗೆ ಕೂತು ಅರ್ಜಿ ಬರೆದುಕೊಡಿ. ದೇಶಕ್ಕಾಗಿ ಕಿವಿ ಕಳಕೊಂಡವರು ಕಚೇರಿಯಿಂದ ಕಚೇರಿಗೆ ಒಬ್ಬರೇ ಅಲೆಯಬಾರದು.